ವಳಸಂಗದಲ್ಲಿ ನಿಂತುಬಿಡುತ್ತಿದ್ದ ಬಾಣ

ಆ ಗಾಡಿಯ ರೋಗ ನಮ್ಮ ವರ್ಕ್‌ಶಾಪಿನ ಗೇಟು ಕಂಡ ಕೂಡಲೇ ವಾಸಿಯಾಗಿಬಿಡುತ್ತಿತ್ತು. ಡಾಕ್ಟರ ಮುಂದೆ ಹೋಗಿ ಕೂತ ತಕ್ಷಣ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ನಗುವಂಥ ವಿಷಯವೇ. ಮೊದಲ ಸಲ ನಾನೂ ನಕ್ಕಿದ್ದೆ.

ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯ ಬದಿಗೆ ನಮ್ಮ ವರ್ಕ್‌ಶಾಪು. ಎಂಜಿನ್ನು, ಬ್ರೇಕು ಬೇರೆಯವರ ಪಾಲಿಗೆ. ವೈರು, ಫ್ಯೂಸು, ಲೈಟು ನನ್ನ ಪಾಲಿಗೆ. ಈಗಿನ ಗಾಡಿಗಳಲ್ಲಿ ಇವುಗಳ ಜೊತೆಗೆ ಡ್ಯಾಶ್‌ಬೋರ್ಡಿನ ನಡುವೆ ಕೂತಿರುವ ಆ ದೊಡ್ಡ ಸ್ಕ್ರೀನೂ ಸೇರಿಕೊಂಡಿದೆ. ಹಾಡು, ರೇಡಿಯೋ, ಫೋನು, ಗಾಡಿಯನ್ನು ಬಾಣದ ಗುರುತಾಗಿ ಇಟ್ಟು ದಾರಿ ತೋರಿಸುವ ನಕ್ಷೆ ಎಲ್ಲ ಅದರ ಹೊಟ್ಟೆಯಲ್ಲೇ. ಗಾಡಿ ಎಲ್ಲಿದೆ ಎಂದು ಮನೆಯಲ್ಲಿ ಕೂತ ಮಾಲಕರ ಫೋನಿಗೆ ತಿಳಿಸುವುದೂ ಅದೇ. ಹೀಗಾಗಿ ಅದು ಕೆಟ್ಟರೆ ಗಿರಾಕಿಗಳು ಎಂಜಿನ್ ಕೆಟ್ಟಾಗ ಆಗುವುದಕ್ಕಿಂತ ಹೆಚ್ಚು ಸಿಟ್ಟಾಗುತ್ತಾರೆ.

ಈ ಗಾಡಿಯ ಮಾಲಕರು ಅಕ್ಕಲಕೋಟೆಯವರು. ತಾಲೂಕಿನಲ್ಲಿ ದೊಡ್ಡ ಹೊಲಮನೆ, ಸೋಲಾಪುರದಲ್ಲಿ ಬೀಜ-ಗೊಬ್ಬರದ ಅಂಗಡಿ. ಡ್ರೈವರ್ ವಳಸಂಗದವರು, ನನ್ನ ತಂದೆಯ ವಯಸ್ಸಿನವರು. ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕುರಿ ಸಾಕುವ ಮನೆತನದಲ್ಲಿ ಹುಟ್ಟಿ, ಹರೆಯದಲ್ಲೇ ಸ್ಟೇರಿಂಗ್ ಹಿಡಿದವರು. ಬೆಳಿಗ್ಗೆ ಮಾಲಕರನ್ನು ಅಂಗಡಿಗೆ ಬಿಟ್ಟು ಖಾಲಿ ಗಾಡಿಯನ್ನು ಅಕ್ಕಲಕೋಟೆಗೆ ಒಯ್ಯಬೇಕು, ಸಂಜೆ ಖಾಲಿ ಗಾಡಿ ತಂದು ಅವರನ್ನು ಮನೆಗೆ ಕರೆದೊಯ್ಯಬೇಕು. ಇಷ್ಟೇ ಅವರ ಕೆಲಸ. ವಳಸಂಗ ಈ ದಾರಿಯಲ್ಲೇ ಬರುತ್ತದೆ.

ಮೊದಲ ದಿನ ಇಬ್ಬರೂ ಬಂದಿದ್ದರು. ಮಾಲಕರು ತಮ್ಮ ಫೋನನ್ನು ನನ್ನ ಮುಖದ ಹತ್ತಿರ ಹಿಡಿದರು.

"ನೋಡ್ರಿ ಇಲ್ಲಿ. ಖಾಲಿ ಗಾಡಿ ದಿನಾ ವಳಸಂಗದಾಗ ನಿಂದರತದ. ಭಾಳ ಹೊತ್ತು ಅಲ್ಲೇ. ಆಮ್ಯಾಲೆ ಒಮ್ಮಿಗೇ ಸೋಲಾಪುರದಾಗ ಕಾಣಸತದ. ನಡುವಿನ ದಾರಿ ಏನು ಹಾರಿ ಬರತದೇನು?"

"ಗಾಡಿ ನಿಂದರಂಗಿಲ್ರಿ ಮಿಸ್ತ್ರಿ," ಎಂದರು ಕಾಕಾ. ಅವರು ಆ ಸ್ಕ್ರೀನನ್ನು ಇನ್ನೂ ಟೇಪು ಎಂದೇ ಕರೆಯುತ್ತಿದ್ದರು. "ಟೇಪಿನೊಳಗಿನ ಬಾಣ ನಿಂದರತದ. ವಳಸಂಗ ದಾಟೂದ ತಡಾ, ಬಾಣ ಅಲ್ಲೇ. ಜಗ್ಗಂಗಿಲ್ಲ. ರೇಡಿಯೋನೂ ಖರಖರ ಅಂತದ, ಒಂದು ಹಾಡು ನೆಟ್ಟಗ ಕೇಳಸಂಗಿಲ್ಲ."

ನಾನು ರೂಢಿಯಂತೆ ಕೇಳಿದೆ. "ಹೊರಗಿಂದ ಏನಾರ ಹಚ್ಚಿಸೀರೇನ್ರಿ? ಕ್ಯಾಮೆರಾ, ಚಾರ್ಜರ್, ದೊಡ್ಡ ಸ್ಪೀಕರ್, ಏನಾರ?"

"ಏನೂ ಇಲ್ರಿ," ಎಂದರು ಕಾಕಾ. ಮಾಲಕರೂ ತಲೆ ಅಲ್ಲಾಡಿಸಿದರು.

ಒಳಗೆ ಕೂತು ನೋಡಿದೆ. ಗಾಡಿ ಚೊಕ್ಕವಾಗಿತ್ತು. ಡ್ಯಾಶ್‌ಬೋರ್ಡಿನ ಮೇಲೆ ನಡುವೆ ದುಂಡಗೆ ಒಂದಿಷ್ಟು ಭಂಡಾರದ ಹಳದಿ ಅಂಟಿತ್ತು. ನಮ್ಮ ಕಡೆಯ ಗಾಡಿಗಳಲ್ಲಿ ಅರಿಶಿನ ಇರದಿದ್ದರೆ ಅದೇ ವಿಶೇಷ. ಅದನ್ನು ಒರೆಸುವುದೂ ತಪ್ಪು ಎಂದು ನಾವು ಹಾಗೇ ಬಿಡುತ್ತೇವೆ.

ಕಾಕಾ ನೀರು ಕುಡಿಯಲು ಆಚೆ ಹೋದಾಗ ಮಾಲಕರು ದನಿ ತಗ್ಗಿಸಿದರು. "ಹೊತ್ತಿಗಿಂತ ಮೊದಲ ನಮ್ಮ ಮನಿ ಬಿಡತಾನ. ಯಂತ್ರ ಬಂದ್ ಮಾಡಿ ಅಕ್ಕಲಕೋಟಿ ಮಠಕ್ಕ ಬಂದ ಭಕ್ತರನ್ನ ಸೋಲಾಪುರ ಸ್ಟೇಷನ್ನಿಗೆ ಬಾಡಿಗಿ ಹೊಡೀತಾನ, ಇಲ್ಲಾ ವಳಸಂಗದಾಗ ತನ್ನ ಮನಿಗೆ ಹೋಗಿ ಮಲಗತಾನ. ಹಳೇ ಮನಶಾ ಅಂತ ಬಾಯಿ ಬಿಟ್ಟಿಲ್ಲ. ನೀವು ಯಂತ್ರ ಕೆಟ್ಟದ ಅಂದ್ರ ನಾ ಸುಮ್ಮನಾಗತೀನಿ. ಯಂತ್ರ ಛಲೋ ಅದ ಅಂದ್ರ ಅವನ್ನ ಬಿಡಸತೀನಿ."

ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಹೇಳು ಅಂದರೆ ಹೇಳಬಲ್ಲೆ. ಒಬ್ಬ ಮನುಷ್ಯನ ನಿಯತ್ತನ್ನು ಅದರಲ್ಲಿ ಅಳೆದು ಹೇಳು ಅಂದರೆ ಹೇಗೆ?

ಕೆಲಸವನ್ನು ಕ್ರಮವಾಗಿಯೇ ಶುರು ಮಾಡಿದೆ. ಉಪಗ್ರಹದ ಸಿಗ್ನಲ್ ಹಿಡಿಯುವ ಆಂಟೆನಾ ಈ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಒಳಗೆ, ನಡುವಿನ ಪ್ಲಾಸ್ಟಿಕ್ಕಿನ ಕೆಳಗೇ ಕೂತಿರುತ್ತದೆ. ರೇಡಿಯೋದ್ದು ಛಾವಣಿಯ ಮೇಲೆ. ಎರಡೂ ಒಂದೇ ಹೊತ್ತಿಗೆ ಹಾಳಾಗುತ್ತವೆ ಎಂದರೆ ಆಂಟೆನಾಗಳ ತಪ್ಪಲ್ಲ, ಎರಡಕ್ಕೂ ಸೇರಿದ ಯಾವುದೋ ಒಂದರ ತಪ್ಪು. ಒಂದೋ ಸ್ಕ್ರೀನಿಗೆ ಬರುವ ಕರೆಂಟು, ಇಲ್ಲವೇ ಅದರ ಅರ್ತಿಂಗು. ಹಾಗೆಂದು ಸ್ಕ್ಯಾನರ್ ಹಚ್ಚಿದೆ, ಒಂದು ದೋಷವೂ ತೋರಿಸಲಿಲ್ಲ. ಸ್ಕ್ರೀನು ಬಿಚ್ಚಿ ಹಿಂದಿನ ಕನೆಕ್ಟರುಗಳನ್ನು ಒಂದೊಂದಾಗಿ ಅಲ್ಲಾಡಿಸಿದೆ. ಅರ್ತಿಂಗ್ ಬೋಲ್ಟು ಬಿಚ್ಚಿ, ಉಜ್ಜಿ, ಮತ್ತೆ ಬಿಗಿದೆ. ಗಾಡಿಯನ್ನು ಬಯಲಿಗೆ ತಂದು ನಿಲ್ಲಿಸಿದರೆ ಸಿಗ್ನಲ್ ಭರ್ತಿ, ಬಾಣ ತನ್ನ ಜಾಗದಲ್ಲಿ ಭದ್ರ, ರೇಡಿಯೋ ಗಾಜಿನಷ್ಟು ಸ್ವಚ್ಛ. ಬೋಲ್ಟಿನದೇ ದೋಷ ಇರಬೇಕು ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡು ಗಾಡಿ ಕಳಿಸಿದೆ.

ವಾರ ಕಳೆಯುವುದರೊಳಗೆ ಗಾಡಿ ತಿರುಗಿ ಬಂತು. ಮತ್ತೆ ವಳಸಂಗ, ಮತ್ತೆ ಬಾಣ.

ಈ ಸಲ ನಾನು ಹಟಕ್ಕೆ ಬಿದ್ದೆ. ಆಂಟೆನಾ ಬದಲಿಸಿದೆ. ಸಾಫ್ಟ್‌ವೇರ್ ಹೊಸದು ಹಾಕಿದೆ. ಅದೂ ಸಾಲದೆಂದು ನಮ್ಮದೇ ಶೋರೂಮಿನ ಟ್ರಯಲ್ ಗಾಡಿಯ ಸ್ಕ್ರೀನನ್ನೇ ಕಿತ್ತು ಇದಕ್ಕೆ ಕೂಡಿಸಿ, ಇದರದನ್ನು ಅದಕ್ಕೆ ಕೂಡಿಸಿದೆ. ಶೋರೂಮಿನವರು ನನ್ನ ಮೇಲೆ ಹರಿಹಾಯ್ದರು. ಇದರ ಸ್ಕ್ರೀನು ಆ ಗಾಡಿಯಲ್ಲಿ ಊರೆಲ್ಲ ಸುತ್ತಿ ಒಂದು ದೂರಿಲ್ಲದೆ ನಡೆಯಿತು. ಅದರ ಸ್ಕ್ರೀನು ಈ ಗಾಡಿಯಲ್ಲಿ ಮಾರನೆಯ ದಿನವೇ ವಳಸಂಗದಲ್ಲಿ ನಿಂತಿತು. ಕಾಕಾ ಫೋನ್ ಮಾಡಿ ಹೇಳಿದಾಗ ಅವರ ದನಿಯಲ್ಲಿ ಬೈಗುಳ ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ಹ್ವಾದ ಹ್ವಾದ ಜಾಗಾದಾಗೆಲ್ಲ ಬೇಡಕೊಳ್ಳಾಕತ್ತೀನ್ರಿ," ಎಂದರು ಅಷ್ಟೆ.

ಇನ್ನುಳಿದದ್ದು ಗಾಡಿಯ ವೈರಿಂಗು, ಇಲ್ಲವೇ ವಳಸಂಗ. ಆ ಊರಿನ ಹತ್ತಿರ ಯಾವುದಾದರೂ ಟವರ್ ತೊಂದರೆ ಕೊಡುತ್ತಿರಬಹುದು ಎಂಬ ಹುಚ್ಚು ಯೋಚನೆಯೂ ಬಂತು. ಮ್ಯಾನೇಜರ್ ಹತ್ತಿರ ಕಾಡಿ ಬೇಡಿ ಒಪ್ಪಿಗೆ ಪಡೆದು, ಕಾಕಾನನ್ನು ಪಕ್ಕಕ್ಕೆ ಕೂಡಿಸಿಕೊಂಡು ನಾನೇ ಗಾಡಿ ಹೊರಡಿಸಿದೆ.

ಕಾಕಾ ತೊಡೆಯ ಮೇಲೆ ಒಂದು ಬಟ್ಟೆಯ ಗಂಟು ಇಟ್ಟುಕೊಂಡಿದ್ದರು. ವರ್ಕ್‌ಶಾಪಿಗೆ ಬಂದಾಗೆಲ್ಲ ಅದು ಅವರ ಕೈಯಲ್ಲಿರುತ್ತಿತ್ತು, ಒಮ್ಮೆಯೂ ನೆಲಕ್ಕೆ ಇಟ್ಟವರಲ್ಲ. ರೊಟ್ಟಿಯ ಗಂಟು ಇರಬೇಕು ಅಂದುಕೊಂಡಿದ್ದೆ. ರೇಡಿಯೋ ಹಚ್ಚಿದೆ. ಗಡಿಯಾಚೆಯ ಕನ್ನಡ ಸ್ಟೇಷನ್ನು ಹಿಡಿಯುವುದು ಅವರಿಗೇ ಗೊತ್ತಿತ್ತು. ಹಾಡು ಬಂದಾಗ ತೊಡೆಯ ಮೇಲೆ ಬೆರಳು ಬಡಿಯತೊಡಗಿದರು. "ಮಾಲಕ್ರು ಗಾಡ್ಯಾಗಿದ್ರ ಟೇಪ್ ಬಂದ್ ಇರತದ್ರಿ. ಅವರದು ಬರೇ ಫೋನು. ಖಾಲಿ ಇದ್ದಾಗ ಇದೊಂದ ನನ್ನ ಜೋಡಿ."

ವಳಸಂಗದ ಅಂಚಿಗೆ ರಸ್ತೆಯ ಬದಿಯಲ್ಲಿ ಕುರಿಗಾರರ ದೇವರು ಬೀರೋಬಾನ ಸಣ್ಣ ಗುಡಿ. ಕಾಕಾ ಗಂಟಿನ ಸಮೇತ ಎರಡೂ ಕೈ ಮುಗಿದರು. ಹಸಿದವನಿಗೆ ರೊಟ್ಟಿಯೂ ದೇವರೇ ಎಂದು ನಾನು ಮನಸ್ಸಿನಲ್ಲೇ ತಮಾಷೆ ಮಾಡಿದೆ.

"ಈಗ ನೋಡ್ರಿ," ಎಂದರು.

ನೋಡಿದೆ. ಬಾಣ ನಮ್ಮೊಡನೆ ಗುಡಿ ದಾಟಿತು, ಊರು ದಾಟಿತು, ಸೇತುವೆ ದಾಟಿತು. ಹಾಡಿಗೆ ಒಂದು ಕೂದಲೆಳೆಯಷ್ಟೂ ತೊಡಕಿಲ್ಲ. ಅಕ್ಕಲಕೋಟೆ ಮುಟ್ಟಿದೆವು, ತಿರುಗಿ ಬಂದೆವು. ಕಾಕಾ ಸ್ಕ್ರೀನಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಗಾಡಿ ಚೆನ್ನಾಗಿ ನಡೆದಷ್ಟೂ ಅವರ ಮುಖ ಕಂದುತ್ತಿತ್ತು.

"ನಿಮ್ಮ ಮುಂದ ಹೆಂಗ ಶಾಣ್ಯಾ ಆಗತದ ನೋಡ್ರಿ," ಎಂದರು ಕೊನೆಗೆ. "ನಾ ಸುಳ್ಳ ಹೇಳಾಕತ್ತಿಲ್ರಿ ಮಿಸ್ತ್ರಿ."

"ನನಗ ಗೊತ್ತದ ಕಾಕಾ," ಎಂದೆ. ನಿಜವಾಗಿ ಗೊತ್ತಿತ್ತೇ? ನಂಬಿಕೆ ಇತ್ತು. ಗೊತ್ತಿರುವುದು ಬೇರೆ, ನಂಬುವುದು ಬೇರೆ. ವರ್ಕ್‌ಶಾಪಿನಲ್ಲಿ ಎರಡನೆಯದಕ್ಕೆ ಕಿಮ್ಮತ್ತಿಲ್ಲ.

ಮ್ಯಾನೇಜರ್ ಮೇಜಿನಿಂದಲೇ "ಝಾಲಂ ಕಾ?" ಎಂದು ಮರಾಠಿಯಲ್ಲಿ ಕೇಳಿದರು. ಮುಗಿಯಿತಾ ಎಂದು. ಇನ್ನೊಂದೆರಡು ದಿನ ಗಾಡಿ ಇಲ್ಲೇ ಇರಲಿ, ವೈರಿಂಗ್ ಪೂರಾ ತೆಗೆದು ನೋಡುತ್ತೇನೆ ಎಂದೆ. ಇಲ್ಲದ ದೋಷಕ್ಕೆ ಗಾಡಿಯ ಕರುಳು ಹೊರಗೆ ಹಾಕುವುದು ಬೇಡ ಎಂದರು. ಅವರದೂ ತಪ್ಪಲ್ಲ. ದೋಷ ಕಂಡುಬಂದಿಲ್ಲ ಎಂದು ಕಂಪ್ಯೂಟರಿನಲ್ಲಿ ಹಾಕಿ ಗಾಡಿ ಬಿಡಬೇಕಾಯಿತು.

ಒಯ್ಯಲು ಮಾಲಕರೂ ಬಂದಿದ್ದರು.

"ಏನಿಲ್ಲ ಅಂದ್ರೇನು?"

"ನಮಗ ಸಿಕ್ಕಿಲ್ರಿ," ಎಂದೆ.

"ಸಿಕ್ಕಿಲ್ಲ ಅಂದ್ರ ಇಲ್ಲ ಅಂತನ ಅಲ್ಲೇನು?"

"ಹಂಗಲ್ರಿ. ಕೆಲವೊಂದು ದೋಷ ಬರತಾವ, ಹೋಗತಾವ. ಬಂದಾಗ ನಾವು ಹತ್ತರ ಇರಬೇಕು. ಇನ್ನೊಂದಿಷ್ಟು ದಿನ ತಡೀರಿ."

"ಸ್ಕ್ರೀನ್ ಬದಲ ಮಾಡಿದ್ರಿ. ನೀವಽ ಓಡಿಸಿ ನೋಡಿದ್ರಿ. ಇನ್ನೇನು ತಡಿಯೂದು?"

ಕಾಕಾ ಹತ್ತಿರದಲ್ಲೇ ಅವರಿಗಾಗಿ ಬಾಗಿಲು ತೆರೆದು ಹಿಡಿದು ನಿಂತಿದ್ದರು. ಎಲ್ಲ ಕೇಳಿಸುತ್ತಿತ್ತು. ಮಾಲಕರು ಕೂತರು, ಕಾಕಾ ಬಾಗಿಲು ಹಾಕಿದರು, ಗಾಡಿ ಹೋಯಿತು.

ಮುಂದೆ ಆ ಗಾಡಿ ಬಂದದ್ದು ಮಾಮೂಲಿ ಸರ್ವಿಸಿಗೆ. ಡ್ರೈವರ್ ಹೊಸಬ, ಮೊದಲು ಮಾಲಕರ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು. ಕಾಕಾ ಎಲ್ಲಿ ಎಂದು ಕೇಳುವ ಅಗತ್ಯವೇ ಇರಲಿಲ್ಲ.

"ಈಗ ಬಾಣ ನಿಂದರತದೇನು?" ಎಂದೆ.

"ಏನೂ ಇಲ್ರಿ. ಕಾಕಾ ಹೋದಾಗಿಂದ ಒಂದ ಸಲನೂ ನಿಂತಿಲ್ಲ. ಮಾಲಕರು ಎಲ್ಲಾರ ಮುಂದ ಅದನ್ನಽ ಹೇಳತಾರ."

ಎಲ್ಲರ ಮುಂದೆ. ಸ್ಕ್ರೀನು ಅದೇ, ಆಂಟೆನಾ ಅದೇ, ವೈರು ಅದೇ. ಬದಲಾದದ್ದು ಮನುಷ್ಯ ಮಾತ್ರ. ಹಾಗಾದರೆ ಮಾಲಕರು ಹೇಳಿದ್ದೇ ನಿಜವೇ? ಒಂದು ಗಳಿಗೆ ನನಗೂ ಹಾಗೆ ಅನ್ನಿಸಿತು, ಸುಳ್ಳು ಏಕೆ ಹೇಳಲಿ. ಸುಮ್ಮನೆ ಒಳಗೆ ಕೂತು ಡ್ಯಾಶ್‌ಬೋರ್ಡು ನೋಡುತ್ತ ಇದ್ದೆ. ಹೊಸಬ ಪಾಲಿಶ್ ಹೊಡೆದು ಮಿರಮಿರ ಮಿಂಚಿಸಿದ್ದ.

"ಇಲ್ಲಿ ಭಂಡಾರ ಇತ್ತಲ್ಲ?"

"ಅಲ್ಲಿ ಕಾಕಾನ ದೇವರಿತ್ರಿ. ಹೋಗೋವಾಗ ದೇವರನ್ನ, ಅದರ ದೀಪಾನ ತಗೊಂಡ ಹೋದ್ರು."

"ದೀಪ?"

"ಲೈಟರ್ ಸಾಕೆಟ್ಟಿಗೆ ಸಿಗಸತಾರಲ್ರಿ, ಕೆಂಪ ಬೆಳಕಿಂದು. ನಾ ಒಂದೆರಡ ಸಲ ಅವರ ಜೋಡಿ ಬಂದೀನಿ. ವಳಸಂಗದ ಗುಡಿ ಕಾಣಸ್ತಂದ್ರ ಹಚ್ಚತಿದ್ರು. ಗಾಡಿ ನಿಂದರಿಸೂತನಕ ಆರಸತಿರಲಿಲ್ಲ."

ಅಂಥ ಅಗ್ಗದ ದೀಪಗಳ ಬುಡದಲ್ಲಿ ಒಂದು ಚಿಕ್ಕ ಸರ್ಕಿಟ್ ಇರುತ್ತದೆ. ಗಾಡಿಯ ಹನ್ನೆರಡು ವೋಲ್ಟನ್ನು ದೀಪಕ್ಕೆ ಬೇಕಾದಷ್ಟಕ್ಕೆ ಇಳಿಸಲು ಅದು ಕರೆಂಟನ್ನು ಕಣ್ಣಿಗೆ ಕಾಣದ ವೇಗದಲ್ಲಿ ಹಚ್ಚಿ ಆರಿಸುತ್ತಿರುತ್ತದೆ. ಒಳ್ಳೆಯ ಮಾಲಿನಲ್ಲಿ ಆ ಗದ್ದಲ ಹೊರಗೆ ಬರದ ಹಾಗೆ ತಡೆ ಇಟ್ಟಿರುತ್ತಾರೆ, ಅಗ್ಗದ್ದರಲ್ಲಿ ಇಡುವುದಿಲ್ಲ. ಆಕಾಶದಿಂದ ಬರುವ ಸಿಗ್ನಲ್ ಮೊದಲೇ ಪಿಸುಮಾತಿನಷ್ಟು ಸಣ್ಣದು. ಅದನ್ನು ಹಿಡಿಯುವ ಆಂಟೆನಾದ ನೆತ್ತಿಯ ಮೇಲೇ ದೀಪ ಕೂತಿತ್ತು. ಬಾಣ ನಿಂತಿತು, ರೇಡಿಯೋ ಖರಖರ ಅಂದಿತು.

ವರ್ಕ್‌ಶಾಪಿನಲ್ಲಿ ಏಕೆ ನಿಲ್ಲಲಿಲ್ಲ ಎಂಬುದೂ ಆಗಲೇ ತಿಳಿಯಿತು. ಎಣ್ಣೆ ಬಡಿದ ಕೈ, ಬೂಟುಗಾಲು, ಯಾರು ಏನು ತಿಂದು ಬಂದಿರುತ್ತಾರೋ. ಅಂಥಲ್ಲಿ ದೇವರನ್ನು ಬಿಡುವುದುಂಟೇ. ಗೇಟಿನ ಹೊರಗೇ ದೇವರನ್ನೂ ದೀಪವನ್ನೂ ತೆಗೆದು ಬಟ್ಟೆಯಲ್ಲಿ ಕಟ್ಟಿ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದರು. ನಾನು ಹುಡುಕುತ್ತಿದ್ದ ದೋಷ ನನ್ನ ಪಕ್ಕದ ಸೀಟಿನಲ್ಲೇ ಅವರ ತೊಡೆಯ ಮೇಲೆ ಕೂತು ಅಕ್ಕಲಕೋಟೆಗೆ ಹೋಗಿ ಬಂದಿತ್ತು. ಹೊರಗಿನಿಂದ ಏನಾದರೂ ಹಚ್ಚಿಸಿದ್ದೀರಾ ಎಂದು ಕೇಳಿದಾಗ ಏನೂ ಇಲ್ಲ ಎಂದದ್ದೂ ನಿಜವೇ. ದೇವರನ್ನು ಯಾರಾದರೂ ಕ್ಯಾಮೆರಾ, ಚಾರ್ಜರಿನ ಸಾಲಿಗೆ ಸೇರಿಸುತ್ತಾರೆಯೇ?

ಕೂಡಲೇ ಮಾಲಕರಿಗೆ ಫೋನ್ ಮಾಡಬೇಕು ಎಂದು ಕೈಗೆತ್ತಿಕೊಂಡೆ. ಆಮೇಲೆ ಇಟ್ಟೆ. ಬರೀ ಊಹೆ ಹಿಡಿದುಕೊಂಡು ಮಾತಾಡಿದರೆ ಮುಂದಿನ ಪ್ರಶ್ನೆಗೆ ಮತ್ತೆ ಬಾಯಿ ಕಟ್ಟುತ್ತದೆ. ಅಲ್ಲದೆ ಕಾಕಾನಿಗೆ ತಿಳಿಸದೆ ಅವರ ದೇವರ ವಿಷಯ ಇನ್ನೊಬ್ಬರ ಬಾಯಿಗೆ ಹಾಕುವುದು ನನಗೆ ಸರಿ ಕಾಣಲಿಲ್ಲ. ರಜೆಯ ದಿನ ಸಿಗ್ನಲ್ ಅಳೆಯುವ ರಿಸೀವರನ್ನು ಚೀಲದಲ್ಲಿ ಹಾಕಿಕೊಂಡು ವಳಸಂಗಕ್ಕೆ ಹೋದೆ.

ಕಾಕಾ ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಕಿಟಕಿಯಲ್ಲಿ ಪುಟ್ಟ ರೇಡಿಯೋ ಹಾಡುತ್ತಿತ್ತು.

"ಬರ್ರಿ ಮಿಸ್ತ್ರಿ. ಬಾಣ ಜಗ್ಗತೇನು?"

"ಜಗ್ಗೇತ್ರಿ," ಎಂದೆ. ಅವರು ನಕ್ಕರು. ನಗು ಪೂರ್ತಿ ಮೂಡುವ ಮುಂಚೆಯೇ ಹೋಯಿತು. ಊರಲ್ಲಿ ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ ಎಂಬುದನ್ನು ಮಾತಿನ ನಡುವೆ ಹೇಳಿದರು. ಗಾಡಿ ಒಯ್ದು ಸ್ವಂತ ಬಾಡಿಗೆ ಹೊಡೆಯುವ ಡ್ರೈವರ್ ಎಂದು ಹೆಸರು ಬಿದ್ದ ಮೇಲೆ ಯಾರು ಕೀಲಿ ಕೊಡುತ್ತಾರೆ?

ಕಾಲು ತೊಳೆದು ಒಳಗೆ ಹೋದೆ. ದೇವರ ಜಗಲಿಯ ಮೇಲೆ ಹುಲಜಂತಿಯ ಗುಡಿಯಿಂದ ತಂದ, ಬೀರೋಬಾನ ಶಿಷ್ಯ ಮಾಳಿಂಗರಾಯನ ಅಂಗೈಯಗಲದ ಮೂರ್ತಿ, ಮೈತುಂಬ ಭಂಡಾರ. ಮುಂದೆ ಆ ದೀಪ. ಅದಕ್ಕೆ ಹಳೆಯ ಬೈಕಿನ ಬ್ಯಾಟರಿಯಿಂದ ತಾವೇ ವೈರು ಎಳೆದಿದ್ದರು.

"ದೇವರು ಇಲ್ಲೇ ಇರ್ಲಿ ಕಾಕಾ. ದೀಪಾ, ಬ್ಯಾಟರಿ ಅಷ್ಟ ಹೊರಗ ತರ್ರಿ. ಒಂದ ನೋಡೂದದ."

ಕಟ್ಟೆಯ ಮೇಲೆ, ಬಯಲ ಆಕಾಶದ ಕೆಳಗೆ ರಿಸೀವರ್ ಇಟ್ಟೆ. ಸಿಗ್ನಲ್ಲಿನ ಗೆರೆಗಳು ಒಂದೊಂದಾಗಿ ಎದ್ದು ನಿಂತವು. ದೀಪ ಹಚ್ಚಿರಿ ಎಂದೆ. ಹಚ್ಚಿದರು. ಗೆರೆಗಳು ಒಂದರ ಹಿಂದೆ ಒಂದು ಮಲಗಿದವು. ಕಿಟಕಿಯಲ್ಲಿನ ಹಾಡು ಖರಖರ ಎನ್ನತೊಡಗಿತು. ಆರಿಸಿದರು, ಗೆರೆಗಳು ಎದ್ದವು, ಹಾಡು ಬಂತು. ನಾನು ಹೇಳದೆಯೇ ಅವರು ಮತ್ತೆ ಹಚ್ಚಿದರು, ಮತ್ತೆ ಆರಿಸಿದರು. ವಿವರಿಸಬೇಕಾದದ್ದು ಏನೂ ಉಳಿಯಲಿಲ್ಲ.

"ಬಾಣ ಸರಿ ಮಾಡಪಾ ಅಂತ ಮಾಳಿಂಗರಾಯನ್ನಽ ಬೇಡಕೋತಿದ್ನಿ," ಎಂದರು. "ಮಾಲಕ್ರು ಬೈದ ಮ್ಯಾಲೆ ಒಂದಿನಾನೂ ಬಿಟ್ಟಿಲ್ಲ. ಗುಡಿ ಬಂತಂದ್ರ ದೀಪಾ ಹಚ್ಚಿ ಬೇಡಕೊಂಡೀನಿ."

ಫೋನ್ ತೆಗೆದೆ. ಈಗಾದರೂ ನನ್ನ ಕೈಯಲ್ಲಿ ಪುರಾವೆ ಇತ್ತು. ಗಾಡಿ ಒಂದು ದಿನವೂ ವಳಸಂಗದಲ್ಲಿ ನಿಂತಿರಲಿಲ್ಲ, ನಿಂತದ್ದು ಬಾಣ ಮಾತ್ರ, ಅದಕ್ಕೆ ಕಾರಣ ಇದು ಎಂದು ಮಾಲಕರಿಗೆ ಒಂದೊಂದಾಗಿ ಬಿಡಿಸಿ ಹೇಳಿದೆ. ಅವರು ಕೊನೆಯತನಕ ಕೇಳಿದರು. ಅವರದು ದೊಡ್ಡ ದನಿ, ಫೋನಿನ ಹೊರಗೂ ಬರುತ್ತಿತ್ತು.

"ನಿಂತಿಲ್ಲ ಅಂತೀರಿ. ಇರಬಹುದು. ಆದ್ರ ನೀವು ನನ್ನ ಮುಂದನ ಕೇಳಿದ್ರಿ, ಹೊರಗಿಂದ ಏನಾರ ಹಚ್ಚೀರೇನು ಅಂತ. ಏನೂ ಇಲ್ಲ ಅಂದ. ಅದು ಸುಳ್ಳಲ್ಲೇನು?"

"ಅದು ದೇವರ ದೀಪಾ ರೀ. ಅವರಿಗೆ ಅದು..."

"ದೇವರ ದೀಪಾ ಅಂದ್ರ ವೈರ್ ಇರಂಗಿಲ್ಲೇನು? ಹೋಗಲಿ ಬಿಡ್ರಿ. ಹೊಸಾ ಹುಡುಗ ಬಂದಾನ, ಗಾಡಿ ಛಂದ ನಡದದ. ಊರಾಗ ಒಮ್ಮೆ ಆಡಿದ ಮಾತು ನಾ ಹೆಂಗ ತಿರುಗಿ ತರ್ಲಿ?"

ಫೋನ್ ಕಟ್ಟಾಯಿತು. ಅದನ್ನು ಕಿವಿಯಿಂದ ಇಳಿಸಲು ನನಗೆ ಧೈರ್ಯವಾಗಲಿಲ್ಲ. ಇಳಿಸಿದರೆ ಕಾಕಾನ ಮುಖ ನೋಡಬೇಕಾಗುತ್ತಿತ್ತು.

"ನೀವು ಕೇಳಿದಾಗ ನನಗ ದೀಪದ ನೆನಪಽ ಆಗಲಿಲ್ರಿ ಮಿಸ್ತ್ರಿ," ಎಂದರು.

"ಗೊತ್ತದ ಕಾಕಾ," ಎಂದೆ. ಈ ಸಲ ನಿಜವಾಗಿಯೂ ಗೊತ್ತಿತ್ತು. ಅದರಿಂದ ಅವರಿಗೆ ಏನೂ ಆಗುವಂತಿರಲಿಲ್ಲ.

ಹೊತ್ತು ಮುಳುಗುತ್ತ ಬಂದಿತ್ತು. ಅವರು ದೀಪವನ್ನೂ ಬ್ಯಾಟರಿಯನ್ನೂ ಒಳಗೊಯ್ದು ಜಗಲಿಯ ಮೇಲಿಟ್ಟರು. ಆ ಸರ್ಕಿಟ್ ತೆಗೆದು ಒಳ್ಳೆಯದೊಂದನ್ನು ಹಾಕಿ ಕೊಡುತ್ತೇನೆ, ರೇಡಿಯೋ ಆದರೂ ನೆಟ್ಟಗೆ ಕೇಳುತ್ತದೆ ಎಂದೆ. ದೀಪ ಹಚ್ಚಿದರು. ಕೆಂಪು ಬೆಳಕು ಮಾಳಿಂಗರಾಯನ ಮೇಲೆ ಬಿತ್ತು, ಕಿಟಕಿಯಲ್ಲಿ ಹಾಡು ಖರಖರದೊಳಗೆ ಮುಳುಗಿತು. ಕೈ ಮುಗಿದು ಕಣ್ಣು ಮುಚ್ಚಿ ನಿಂತರು. ಆ ಸದ್ದು ನಿಲ್ಲದೆ ಬರುತ್ತಿತ್ತು, ನನಗೇ ತಡೆಯಲಾಗಲಿಲ್ಲ. ಕಾಕಾ ಕಣ್ಣು ತೆರೆದು ಈ ಕಡೆ ತಿರುಗಿದರು. ದೀಪ ಆರಿಸುತ್ತಾರೆ ಅಂದುಕೊಂಡೆ. ಕಿಟಕಿಗೆ ಹೋಗಿ ರೇಡಿಯೋ ಬಂದ್ ಮಾಡಿ ಬಂದು ಕೂತರು.